ಆಫೀಸ್ ಕಂಪ್ಯೂಟರ್: ತಗೊಂಡಿದ್ದಕ್ಕಿಂತ ಸಾಕೋದೇ ದುಬಾರಿ ಆಯ್ತಲ್ಲ

ಶಿರಸಿ ವಖಾರಿ: ನಮ್ಮ ಅಡಿಕೆ ವಖಾರಿಲಿ ಆರು ಕಂಪ್ಯೂಟರ್, ಏಳು ವರ್ಷದ್ದು, ಯುಪಿಎಸ್ ಬ್ಯಾಟರಿ, ಟೋನರ್, ರಿಪೇರಿಯವ್ನ ವಿಸಿಟ್ ಚಾರ್ಜು ಅಂತ ದುಡ್ಡು ಹೋಗ್ತಾನೇ ಇದೆ, ವಿಂಡೋಸ್ 10 ಸಪೋರ್ಟೂ 2025ರ ಅಕ್ಟೋಬರಿಗೇ ಮುಗೀತು. ಎಲ್ಲಾ ಹೊಸದೇ ತಗೊಳ್ಳೋದಾ?

ಘಟ್ಟದವ: ತಡೀರಿ ಮಾರಾಯ್ರೆ. ಮೊದ್ಲು ಒಂದೊಂದು ಮಶೀನಿಗೆ ವರ್ಷಕ್ಕೆ ಎಷ್ಟು ಸುರಿದ್ರಿ ಬರ್ದಿಡಿ, ಕೆಟ್ಟು ಕೂತ ದಿನಾನೂ ಸೇರ್ಸಿ, ಅಡಿಕೆ ಹರಾಜಿನ ಟೆಂಡರ್ ದಿನ ಬಿಲ್ಲಿಂಗ್ ನಿಂತ್ರೆ ಅದೇ ದೊಡ್ಡ ಖರ್ಚು. ಇಂಟೆಲ್ 8ನೇ ಜನರೇಶನ್ ಪ್ರೊಸೆಸರ್, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಇದ್ರೆ ವಿಂಡೋಸ್ 11 ಫ್ರೀಯಾಗೇ ಬರುತ್ತೆ. ಹಾರ್ಡ್ ಡಿಸ್ಕ್ ತೆಗ್ದು ಅದಕ್ಕಿಂತ ಫಾಸ್ಟಾಗಿರೋ ಎಸ್‌ಎಸ್‌ಡಿ ಹಾಕ್ಸಿ ಸಾಕು.

ಕಾರವಾರ ಕಡಲು: ನಮ್ಮಲ್ಲಿ ಉಪ್ಪುಗಾಳಿದೇ ಕಾಟ, ಕಿಟಕಿ ಪಕ್ಕದ್ದರ ಯುಎಸ್‌ಬಿ ಪೋರ್ಟು ಎರಡೇ ಮಳೆಗಾಲಕ್ಕೆ ತುಕ್ಕು, ಒಳಗಿನ ಗೋಡೆಗೆ ಸರಿಸಿದ ಮೇಲೆ ಪರ್ವಾಗಿಲ್ಲ. ರಾತ್ರಿ ಆಫ್ ಮಾಡ್ತೀರಾ? 50 ವ್ಯಾಟಿಂದು 16 ತಾಸು ಸುಮ್ನೆ ಉರಿದ್ರೆ 0.8 ಯೂನಿಟ್, ಅಂಥಾವು ಆರು.

ಶಿರಸಿ ವಖಾರಿ: ಅಯ್ಯೋ, ಆಫೇ ಮಾಡಲ್ಲ ನಾವು 😀