ಮರಿಯ ಜಪಾನಿ ಬಗ್ಗೆ ಪುಟ್ಟಿಗೆ, ದೊಡ್ಡಮ್ಮನಿಂದ

ಪುಟ್ಟಿ, ನಮ್ಮ ಮನೆಯವರ ಗುಂಪಿನಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಟೋಕಿಯೊಗೆ ಬಂದು ಎರಡು ತಿಂಗಳಾದರೂ ಮಗಳು ಮರಿ ಅಲ್ಲಿನ ಶಿಶುವಿಹಾರವಾದ ಹೊಯಿಕುಎನ್‌ನಲ್ಲಿ ತುಟಿ ಬಿಚ್ಚುತ್ತಿಲ್ಲ, ಶನಿವಾರ ಜಪಾನಿ ಪಾಠಕ್ಕೆ ಹಾಕಲೇ, ಮನೆಯಲ್ಲಿ ಕನ್ನಡ ನಿಲ್ಲಿಸಲೇ ಎಂದು ಕೇಳಿದ್ದೀಯ. ಪಕ್ಕದ ಮನೆಯ ಹುಡುಗಿ ಆಟಕ್ಕೆ ಕರೆದರೂ ಊಟತಿಂಡಿಗೆ ಹೆದರಿ ಕಳಿಸುತ್ತಿಲ್ಲ ಎಂದೂ ಬರೆದಿದ್ದೀಯ. ಅದನ್ನು ಓದಿ ನನಗೆ ಸುಮ್ಮನೆ ಕೂರಲಾಗಲಿಲ್ಲ. ಆ ಹುಡುಗಿಯನ್ನು ಮಾತ್ರ ಬಾಗಿಲಿನಿಂದ ವಾಪಸು ಕಳಿಸಬೇಡ, ತಾಯಿ.

ನಾವು ಟೋಕಿಯೊದ ನಿಶಿಕಸಾಯಿಯಲ್ಲಿದ್ದದ್ದು ಎಲ್ಲರಿಗೂ ಗೊತ್ತೇ ಇದೆ. ಮೇಲಿನ ಮಹಡಿಯಲ್ಲಿ ಹಾಸನದ ಕಡೆಯವರೊಬ್ಬರಿದ್ದರು. ಅವರ ಮಗನಿಗೂ ನಮ್ಮ ಸಣ್ಣವನಿಗೂ ಒಂದೇ ವಯಸ್ಸು. ಎದುರು ಬ್ಲಾಕಿನ ಜಪಾನಿ ಹುಡುಗನೊಬ್ಬ ಸಂಜೆಯಾದರೆ ಇಬ್ಬರ ಬಾಗಿಲಲ್ಲೂ ನಿಂತು ‘ಅಸೊಬೊ’ ಎಂದು ಕೂಗುತ್ತಿದ್ದ, ಆಡೋಣ ಬಾ ಎಂದು. ಬೇಸಿಗೆಯಲ್ಲಿ ಅವನ ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಒದ್ದೆ ಮಣ್ಣು, ಹೆಬ್ಬೆರಳಿನಷ್ಟು ದಪ್ಪದ ಕೊಂಬಿನ ದುಂಬಿ, ಅದಕ್ಕೆ ನೆಕ್ಕಲು ಒಂದು ಪುಟಾಣಿ ಬಟ್ಟಲು ಜೆಲ್ಲಿ. ಅಲ್ಲಿನ ಮಕ್ಕಳು ಅದನ್ನು ಕಬುತೊಮುಶಿ ಎಂದು ಕರೆದು ಮುದ್ದಿನಿಂದ ಸಾಕುತ್ತಾರೆ.

ಮೇಲಿನ ಮನೆಯವರು ‘ಹುಳ ಹಿಡಿದುಕೊಂಡು ಅಲೆದರೆ ಭಾಷೆ ಬರುತ್ತದೆಯೇ’ ಎಂದು ಸಂಜೆಯ ಹೊತ್ತನ್ನೆಲ್ಲ ಪಾಠಕ್ಕೆ ಕೊಟ್ಟರು. ಗೋಡೆಯ ಮೇಲೆ ಜಪಾನಿ ವರ್ಣಮಾಲೆ ಹಿರಗಾನದ ಪಟ್ಟಿ, ಮೇಜಿನ ತುಂಬ ಚೀನೀ ಮೂಲದ ಕಾಂಜಿ ಅಕ್ಷರಗಳ ಚೀಟಿಗಳು. ಆ ಹುಡುಗ ಬಂದಾಗಲೆಲ್ಲ ‘ಇವತ್ತು ಆಗುವುದಿಲ್ಲ’ ಎಂಬ ಉತ್ತರ. ಅಲ್ಲಿನವರು ಒಮ್ಮೆ ಬೇಡವೆನ್ನಿಸಿಕೊಂಡರೆ ತಮ್ಮಿಂದ ತೊಂದರೆಯಾಯಿತೇನೋ ಎಂದು ಹಿಂದೆ ಸರಿಯುವ ಜನ. ಅವನು ಆ ಮನೆಗೆ ಹೋಗುವುದು ನಿಂತೇಹೋಯಿತು. ಹಾಸನದ ಮಗು 46 ಹಿರಗಾನವನ್ನೂ ಬೇಗ ಕಲಿತಿತು, ಇಲ್ಲವೆನ್ನುವುದಿಲ್ಲ. ಅ ಇ ಉ ಎ ಒ, ಕ ಕಿ ಕು ಕೆ ಕೊ ಎಂದು ನಮ್ಮ ಕಾಗುಣಿತದ ಹಾಗೆಯೇ ಓಡುತ್ತದಲ್ಲ. ಸ್ಟೇಷನ್ನಿನ ಬೋರ್ಡುಗಳನ್ನೆಲ್ಲ ಓದುತ್ತಿತ್ತು. ಆದರೆ ಮರಳಿನ ಗುಂಡಿಯ ಪಕ್ಕದಲ್ಲಿ ಸಲಿಕೆ ಹಿಡಿದು ನಿಂತೇ ಇರುತ್ತಿತ್ತು, ನನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಲು ಬಾರದೆ. ಒಂದನೇ ತರಗತಿಯಲ್ಲಿ ಕಲಿಸುವುದು 80 ಕಾಂಜಿ. ಮನೆಯಲ್ಲೇ ಅಷ್ಟನ್ನೂ ಕಲಿತು ಶಾಲೆಗೆ ಹೋದವನು ಬಿಡುವಿನಲ್ಲಿ ಒಬ್ಬನೇ ಕೂರುತ್ತಿದ್ದ. ಕೊನೆಗೆ ಆ ಶಾಲೆ ಬಿಡಿಸಿ ಭಾರತೀಯ ಶಾಲೆಗೆ ಹಾಕಿದರು, ಅಲ್ಲಿಗೆ ಜಪಾನಿಯೂ ಮುಗಿಯಿತು.

ನಮ್ಮ ಸಣ್ಣವನಿಗೆ ಆಗ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಐದು ಗಂಟೆಗೆ ಬೀದಿಯ ಧ್ವನಿವರ್ಧಕದಲ್ಲಿ ಮನೆಗೆ ಹೋಗುವ ಹೊತ್ತಿನ ರಾಗ ಬರುವವರೆಗೆ ಅವನಿಗೆ ಆ ಗೆಳೆಯನೇ ಪಾಠಶಾಲೆ. ಜಗಳವಾದರೆ ಕಲ್ಲು ಕಾಗದ ಕತ್ತರಿಯ ‘ಜಾಂಕೆನ್’ ಹಾಕಿ ತೀರಿಸಿಕೊಳ್ಳುವುದು, ಒಳಗೆ ಹೋಗುವಾಗ ಚಪ್ಪಲಿಯ ತುದಿ ಬಾಗಿಲ ಕಡೆಗೆ ತಿರುಗಿಸಿ ಜೋಡಿಸುವುದು, ಯಾವುದನ್ನೂ ನಾನು ಹೇಳಿಕೊಟ್ಟದ್ದಲ್ಲ. ಇನ್ನೊಮ್ಮೆ ಹೇಳುತ್ತೇನೆ ಪುಟ್ಟಿ, ಪಾಠದವರು ಯಾವಾಗ ಬೇಕಾದರೂ ಸಿಗುತ್ತಾರೆ. ಬಾಗಿಲಿಗೆ ಬಂದ ಗೆಳತಿಯನ್ನು ವಾಪಸು ಕಳಿಸಬೇಡ.

ಆ ಜಪಾನಿ ಹುಡುಗನಿಗೊಬ್ಬ ತಂಗಿ. ಮಾರ್ಚ್ 3ರ ಹಿನಮತ್ಸುರಿ ಎಂಬ ಹೆಣ್ಣುಮಕ್ಕಳ ಗೊಂಬೆ ಹಬ್ಬಕ್ಕೆ ಅವನ ತಾಯಿ ನಮ್ಮನ್ನು ಕರೆದಿದ್ದರು. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು, ಮೇಲೆ ರಾಜ ರಾಣಿ, ಕೆಳಗೆ ಮೂವರು ಸಖಿಯರು, ಅದರ ಕೆಳಗೆ ಐವರು ವಾದ್ಯದವರು. ನಮ್ಮಲ್ಲೂ ದಸರೆಗೆ ಪಟ್ಟದ ಗೊಂಬೆ ಕೂರಿಸುತ್ತೇವೆ ಎಂದೆ. ಅಂದಿನಿಂದ ಆಕೆಗೆ ಮೈಸೂರಿನದೇ ಆಸೆ. ಮುಂದೆ ನವರಾತ್ರಿಗೆಂದೇ ಬಂದರಲ್ಲ, ಆಗ ನಮ್ಮ ಮನೆಯಲ್ಲಿ ಏನಾಯಿತೆಂದು ಹಿರಿಯರಿಗೆಲ್ಲ ನೆನಪಿರಬೇಕು. ಮೀನು ಮಾಂಸ ತಿನ್ನುವವರು, ಒಳಗೆ ಬೇಡ ಎಂದು ಗೊಂಬೆಗಳನ್ನು ಹಜಾರದ ಬಾಗಿಲಿನಿಂದಲೇ ತೋರಿಸಿ, ಊಟಕ್ಕೆ ಹೋಟೆಲಿಗೆ ಕಳಿಸಿದಿರಿ. ಆಕೆ ಸಾಲಂಕೃತ ಗೊಂಬೆಗಳಿಗೆ ಹೊರಗಿನಿಂದಲೇ ತಲೆಬಾಗಿ ನಮಸ್ಕರಿಸಿ ಹೋದರು. ನನ್ನ ಮಗನಿಗೆ ಮೀನು ತಾಕಬಾರದೆಂದು ಬೇರೆ ಪಾತ್ರೆಯಿಟ್ಟು, ಬರೀ ಕಡಲಪಾಚಿ ಕುದಿಸಿ ಸಾರು ಮಾಡಿ ಬಡಿಸಿದವರು ಅವರು. ಆ ಸಂಕಟ ನನಗೆ ಇಂದಿಗೂ ಹೋಗಿಲ್ಲ. ಆಗ ಯಾರೂ ಒಂದು ಮಾತು ಆಡಲಿಲ್ಲ.

ಅಯ್ಯೋ, ನೀನು ಕೇಳಿದ್ದೇ ಊಟದ ವಿಷಯ. ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಅಲ್ಲಿ ಸಾಲದು. ಮಿಸೊ ಸಾರು, ನೂಡಲ್ಸಿನ ರಸ, ಬೇಯಿಸಿದ ತರಕಾರಿ, ಎಲ್ಲದಕ್ಕೂ ದಾಶಿ ಎಂಬ ಕುದಿಸಿದ ರಸ ಹಾಕುತ್ತಾರೆ. ಅದನ್ನು ಹೆಚ್ಚಾಗಿ ಒಣಗಿಸಿದ ಕತ್ಸುವೊ ಮೀನಿನಿಂದ ತೆಗೆಯುತ್ತಾರೆ. ಮೀನು, ಮೀನಿನ ದಾಶಿ, ಮಾಂಸ, ಮೊಟ್ಟೆ ಬೇಡವೆಂದು ಒಂದೊಂದಾಗಿ ಹೆಸರಿಸಿ ಹೊಯಿಕುಎನ್‌ನ ಮನೆಗೂ ಅಲ್ಲಿನ ಶಿಕ್ಷಕರಿಗೂ ಸುದ್ದಿ ಒಯ್ಯುವ ರೆನ್ರಾಕುಚೊ ಪುಸ್ತಕದಲ್ಲಿ ಬರೆ. ಪಕ್ಕದ ಮನೆಯ ತಾಯಿಗೂ ಅದೇ ಚೀಟಿ ಕೊಡು, ಉಪ್ಪು ಹಾಕಿದ ಬರೀ ಅನ್ನದ ಉಂಡೆ, ಒನಿಗಿರಿ ಆದೀತು ಎನ್ನು. ಮೊದಲು ಆ ಹುಡುಗಿಯನ್ನೇ ನಿಮ್ಮ ಮನೆಗೆ ಕರೆ. ತಿಂಡಿ ಕೊಡುವ ಮುನ್ನ ಅಲರ್ಜಿ ಇದೆಯೇ ಎಂದು ಕೇಳು, ಐದು ಗಂಟೆಯ ರಾಗಕ್ಕೆ ಮನೆ ಮುಟ್ಟಿಸು. ಮರಿಗೆ ಸದ್ಯಕ್ಕೆ ಎರಡು ಮಾತು ಸಾಕು. ಆಟಕ್ಕೆ ಸೇರಿಸಿಕೊಳ್ಳಿ ಎನ್ನಲು ‘ಇರೆತೆ’, ಆಟದ ಸಾಮಾನು ಕೇಳಲು ‘ಕಶಿತೆ’. ಮಕ್ಕಳು ಹೊಸ ಭಾಷೆಯಲ್ಲಿ ಬಾಯಿ ಬಿಡುವ ಮುನ್ನ ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುವುದು ಸಹಜ. ಮನೆಯಲ್ಲಿ ಕನ್ನಡವನ್ನು ಖಂಡಿತ ನಿಲ್ಲಿಸಬೇಡ, ಅವಳು ಅತ್ತು ಹೇಳಿಕೊಳ್ಳುವುದು ಅದರಲ್ಲೇ. ಪುಸ್ತಕದಲ್ಲಿ ಬರೆದದ್ದರ ಫೋಟೊ ನನಗೆ ಕಳಿಸು, ಸೋಮವಾರದೊಳಗೆ ಸಣ್ಣವನಿಂದ ತಿದ್ದಿಸಿ ಕೊಡುತ್ತೇನೆ.