ಇಲಿಗಳನ್ನ ಹಲಗೆಗೆ ಮೊಳೆ ಹೊಡೆದು ಇಟ್ಟಿದ್ದು ಯಾಕೆ?

ಕಡಲೆಪುರಿ: ಸ್ಯಾನ್ ಫ್ರಾನ್ಸಿಸ್ಕೋದ 1908ರ ಸುಮಾರಿನ ಫೋಟೊ ಒಂದು ನೋಡಿದೆ. ಸಾಲಾಗಿ ಹಲಗೆಗಳು, ಒಂದೊಂದರ ಮೇಲೂ ಇಲಿ, ಕಾಲಿಗೆ ಮೊಳೆ, ಹೊಟ್ಟೆ ಸೀಳಿದೆ. ಪ್ಲೇಗ್ ಕೆಲಸವಂತೆ. ಆದರೆ ಅಲ್ಲಿ ಪ್ಲೇಗ್ ಬಂದಿದ್ದು 1900ರಲ್ಲಿ ಅಲ್ವಾ? ಎಂಟು ವರ್ಷ ಏನು ಮಾಡುತ್ತಿದ್ದರು?

ಮಳೆಹುಳು: ಜಗಳ. 1900ರ ಮಾರ್ಚಲ್ಲಿ ಚೈನಾಟೌನಿನಲ್ಲಿ ಒಬ್ಬ ಸತ್ತ, ತೊಡೆಸಂದಿಯ ಗಡ್ಡೆ ನೋಡಿ ಡಾಕ್ಟರಿಗೆ ಅನುಮಾನ ಬಂತು. ತಕ್ಷಣ ಇಡೀ ಕೇರಿಗೆ ಹಗ್ಗ ಕಟ್ಟಿ, ಬಿಳಿಯರನ್ನ ಹೊರಗೆ ಬಿಟ್ಟು ಚೀನೀಯರನ್ನ ಮಾತ್ರ ಒಳಗೆ ಕೂಡಿಹಾಕಿದರು. ಬಂದರಿನ ಕ್ವಾರಂಟೈನ್ ಅಧಿಕಾರಿ ಜೋಸೆಫ್ ಕಿನ್ಯೂನ್ ಏಂಜಲ್ ದ್ವೀಪದಲ್ಲಿ ಗಿನಿಪಿಗ್, ಇಲಿ, ಕೋತಿಗೆ ಆ ಗಡ್ಡೆಯ ರಸ ಚುಚ್ಚಿ, ಅವು ಸತ್ತರೆ ಪ್ಲೇಗ್ ಖಾತ್ರಿ ಅಂತ ಕಾಯುತ್ತಾ ಕೂತರು. ಊರಿಗೆ ಅಷ್ಟು ತಾಳ್ಮೆ ಎಲ್ಲಿ? ವ್ಯಾಪಾರ ಕೆಡುತ್ತೆ ಅಂತ ಗಲಾಟೆಯಾಗಿ, ಕೋತಿ ಸಾಯುವ ಮೊದಲೇ ಹಗ್ಗ ಬಿಚ್ಚಿದರು. ಕೊನೆಗೆ ಎಲ್ಲಾ ಸತ್ತವು. ಆದರೂ ಕ್ಯಾಲಿಫೋರ್ನಿಯಾದ ಗವರ್ನರ್ ಹೆನ್ರಿ ಗೇಜ್ ಪ್ಲೇಗೇ ಇಲ್ಲ ಅಂತ ಹಟ ಹಿಡಿದರು. 1901ರಲ್ಲಿ ಕಿನ್ಯೂನ್‌ಗೆ ಎತ್ತಂಗಡಿ. ಪಾಪ.

ಸೊಪ್ಪಿನಹುಳಿ: ಪಾಪ ಅನ್ನೋದು ಜಾಸ್ತಿ ಆಯ್ತು. ಕಿನ್ಯೂನ್ ರೋಗ ಪತ್ತೆ ಹಚ್ಚಿದ್ದು ಸರಿ, ಆದರೆ ಚೀನೀಯರು, ಜಪಾನೀಯರು ಹಾಫ್‌ಕಿನ್ ಲಸಿಕೆ (ಪ್ಲೇಗಿಗೆ ಅಂತ ನಮ್ಮ ಮುಂಬೈಯಲ್ಲಿ ತಯಾರಾಯ್ತಲ್ಲ, ಅದೇ) ಹಾಕಿಸಿಕೊಳ್ಳದೆ ಊರು ಬಿಡಬಾರದು ಅಂತ ತಡೆದವರಲ್ಲಿ ಅವರೂ ಒಬ್ಬರು. ಬರೀ ಒಂದು ಜನಾಂಗಕ್ಕೆ ಯಾಕೆ ಈ ನಿಯಮ ಅಂತ ಕೋರ್ಟು 1900ರ ಮೇ ತಿಂಗಳಲ್ಲೇ ತಳ್ಳಿಹಾಕಿತು. 1904ರ ಹೊತ್ತಿಗೆ 119 ಜನ ಸತ್ತು ರೋಗ ನಿಂತಿತು.

ನಿಮ್ಮ ಫೋಟೊ ಎರಡನೇ ಸುತ್ತಿನದು. 1906ರ ಭೂಕಂಪದಲ್ಲಿ ಚರಂಡಿ ಪೈಪು ಒಡೆದವು, ಜನ ಡೇರೆಯಲ್ಲಿ, ಎಲ್ಲೆಲ್ಲೂ ಕಸ. ಇಲಿಗಳಿಗೆ ಹಬ್ಬ. 1907ರಲ್ಲಿ ಪ್ಲೇಗ್ ಬಂದಾಗ ಸತ್ತವರಲ್ಲಿ ಬಿಳಿಯರೇ ಹೆಚ್ಚು, ಯಾವ ಕೇರಿಗೆ ಹಗ್ಗ ಕಟ್ಟೋದು? ಅಷ್ಟರಲ್ಲಿ ಇಲಿಯ ಚಿಗಟದಿಂದ ಹರಡುತ್ತೆ ಅಂತ ಗೊತ್ತಾಗಿತ್ತು. ಪ್ಲೇಗ್ ಕೆಲಸದ ಹೊಣೆ ಹೊತ್ತಿದ್ದ ಸರ್ಕಾರಿ ಡಾಕ್ಟರ್ ರೂಪರ್ಟ್ ಬ್ಲೂ, ಫಿಲ್‌ಮೋರ್ ಬೀದಿಯಲ್ಲಿ ಲ್ಯಾಬ್ ತೆರೆದು, ಹಿಡಿದ ಇಲಿಯನ್ನ ಔಷಧಿ ನೀರಲ್ಲಿ ಅದ್ದಿಸಿ (ಚಿಗಟ ಸಾಯಲಿ ಅಂತ), ಹಲಗೆಗೆ ಹೊಡೆಸಿ, ಸಿಕ್ಕ ಜಾಗದ ಚೀಟಿ ಕಟ್ಟಿಸುತ್ತಿದ್ದರು. ಇಲಿಯಲ್ಲಿ ರೋಗ ಕಂಡರೆ ಆ ಜಾಗಕ್ಕೇ ಜನ ಹೋಗಿ ಬಿಲ ಮುಚ್ಚೋದು, ನೆಲಮಾಳಿಗೆಗೆ ಕಾಂಕ್ರೀಟ್ ಹಾಕಿಸೋದು, ಕಸದ ಡಬ್ಬಿಗೆ ಮುಚ್ಚಳ ಹಾಕಿಸೋದು. ಮೊಳೆ ಸುಮ್ನೆ ಹೊಡೆದಿದ್ದಲ್ಲ, ಕೊಯ್ಯುವಾಗ ಅಲ್ಲಾಡಬಾರದು ಅಷ್ಟೇ.

ಕಡಲೆಪುರಿ: ಓಹ್, ಚೀಟಿ! ಫೋಟೊದಲ್ಲಿ ಅದನ್ನ ಬೆಲೆ ಚೀಟಿ ಅಂದುಕೊಂಡಿದ್ದೆ.

ಮಳೆಹುಳು: ನಮ್ಮಜ್ಜಿ ಊರಲ್ಲಿ "ಇಲಿ ಬಿತ್ತು" ಅಂದರೆ ಸಾಕಿತ್ತಂತೆ, ಪಾತ್ರೆಪಡಗ ಹೊತ್ತು ಎಲ್ಲರೂ ಹೊಲದ ಗುಡಿಸಲಿಗೆ. ಕೋತಿ ಸಾಯಲಿ ಅಂತ ಯಾರೂ ಕಾಯುತ್ತಿರಲಿಲ್ಲ.