ಬೆಳೆ ಕಾಯೋ ಕೋವಿ, ಸೊಂಟದ ಪಿಸ್ತೂಲು: ಜನರಿಗೆ ಯಾವುದನ್ನು ಬಿಡಬೇಕು?

ಅಡಿಕೆಮರ:
ಹಂದಿ ಕಾಟಕ್ಕೆ ಕೋವಿ ಲೈಸನ್ಸ್ ಹಾಕೋಣ ಅಂದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ರೈತನಿಗೆ ಯಾವ ಕೋವಿ ಸಿಗುತ್ತೆ? ಪಿಸ್ತೂಲಿಗೂ ಅದೇ ನಿಯಮಾನಾ? ಅಸಲಿಗೆ ಜನರ ಕೈಗೆ ಏನೇನು ಬಿಡಬಹುದು ಅನ್ಸುತ್ತೆ ನಿಮಗೆ?

ಜೋಡಿನಳಿಗೆ:
1959ರ ಆಯುಧ ಕಾಯ್ದೆಯ ಕಲಂ 13(3) ಓದಿ. ಬೆಳೆ ಕಾಯೋಕೆ ಕೇಪಿನ ಕೋವಿ, ಅಂದ್ರೆ ನಳಿಗೆಯ ಬಾಯಿಂದ ಮದ್ದು ತುಂಬೋದು. ರಕ್ಷಣೆಗೆ ಅಥವಾ ಕ್ರೀಡೆಗೆ ಕನಿಷ್ಠ 20 ಇಂಚು ನಳಿಗೆಯ ಕೋವಿ, ಅಂದ್ರೆ ಮಾಮೂಲಿ 12 ಬೋರ್ (ಬೋರ್ ಅಂದ್ರೆ ನಳಿಗೆಯ ಒಳಗಿನ ಅಳತೆ). ಕಾನೂನಿನ ಅಡ್ಡಿ ಇಲ್ಲದಿದ್ರೆ ಇವಕ್ಕೆ ಲೈಸನ್ಸ್ ಕೊಡಲೇಬೇಕು. ಪಿಸ್ತೂಲು, ರಿವಾಲ್ವರ್, ರೈಫಲ್‌ಗೆ ಹಾಗಲ್ಲ, ಸರಿಯಾದ ಕಾರಣ ಇದೆ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು.

ಕೇಪಿನ ಕೋವಿ ಸಾಲದು ಅಂತ ತೋರಿಸಿದ್ರೆ ಬೆಳೆಗೂ 12 ಬೋರ್ ಕೊಡಬಹುದು. ಮಲೆನಾಡ ಮಳೆಗೆ ಮದ್ದು ತೇವ ಹಿಡಿದು ಹತ್ತೋದೇ ಇಲ್ಲ, ಇದನ್ನು ಅರ್ಜಿಯಲ್ಲೇ ಬರೀರಿ. ನಮೂನೆ ಎ-1 ತುಂಬಿ, ಪಹಣಿ ಮತ್ತು ವೈದ್ಯರ ಪ್ರಮಾಣಪತ್ರ ಸೇರಿಸಿ ಡಿಸಿ ಕಚೇರಿಗೆ ಕೊಡಿ. ಆಮೇಲೆ ಪೊಲೀಸ್ ವರದಿ. ಲೈಸನ್ಸ್ ಬಂತು ಅಂತ ಹಂದಿ ಹೊಡೀಬೇಡಿ! ಅದು ವನ್ಯಜೀವಿ ಕಾಯ್ದೆಗೆ ಬರುತ್ತೆ, ಅನುಮತಿ ಬೇರೆಯೇ.

ಗುರಿಕಾರ:
ನನ್ನ ತಕರಾರು ಬೋರ್ ಬಗ್ಗೆ. ಪಾಯಿಂಟ್ 303 ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆಯೋದು) ನಿಷೇಧಿತ, ಪಾಯಿಂಟ್ 315 ಸಿಗುತ್ತೆ. ಹೊಡೆತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಸೇನೆಯ ತೋಟಾ ಹೊರಗೆ ಸೋರಬಾರದು ಅನ್ನೋ ಬ್ರಿಟಿಷರ ಕಾಲದ ಲೆಕ್ಕ ಅದು. ಬೋರ್ ಬಿಟ್ಟು ಕೋವಿ ಕೆಲಸ ಮಾಡೋ ಬಗೆ ನೋಡಬೇಕು: ಆಟೋಮ್ಯಾಟಿಕ್ ಬೇಡವೇ ಬೇಡ, ಮೊಟಕು ನಳಿಗೆಯೂ ಬೇಡ. ಬೋಲ್ಟ್ ರೈಫಲ್, ಜೋಡಿ ನಳಿಗೆ ಇರಲಿ.

ಕಲಿಯಲು ಏರ್‌ಗನ್ ಸಾಕು. ಪಾಯಿಂಟ್ 177 ಬೋರ್, ಹೊಡೆತದ ಶಕ್ತಿ 20 ಜೂಲ್ ಒಳಗಿದ್ರೆ ಲೈಸನ್ಸೇ ಬೇಡ. ಪಾಯಿಂಟ್ 22 ಏರ್‌ಗನ್ ತಗೊಂಡ್ರೆ ಬೇಕು, ಎಷ್ಟೋ ಜನ ಇಲ್ಲೇ ಸಿಕ್ಕಿಬೀಳ್ತಾರೆ.

ಕಾವೇರಿತೀರ:
ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸನ್ಸ್‌ನಿಂದ ವಿನಾಯಿತಿ ಇದೆ, 2029ರವರೆಗೆ. ಅದೂ ಲಂಗುಲಗಾಮಿಲ್ಲದ್ದಲ್ಲ. ಜಿಲ್ಲೆಯ ಹೊರಗೆ ಒಯ್ಯೋದು ಒಂದು ರೈಫಲ್, 100 ತೋಟಾ, ಜೊತೆಗೊಂದು ಕೋವಿ, ಅಷ್ಟೇ. ಉಳಿದವರಿಗೆ 2019ರ ತಿದ್ದುಪಡಿಯ ನಂತರ ಮೂರು ಬಂದೂಕಿನ ಬದಲು ಎರಡೇ. ಅಜ್ಜನ ಕೋವಿ ಬಳುವಳಿಯಾಗಿ ಬಂದ್ರೂ ಲೆಕ್ಕ ಎರಡೇ.

ಜೋಡಿನಳಿಗೆ:
ಗುರಿಕಾರರೇ, ಪಿಸ್ತೂಲಿನ ಮಾತು ಹಾರಿಸಿಬಿಟ್ರಿ. ಬೆಳೆಗೆ ಅದರಿಂದ ಉಪಯೋಗವಿಲ್ಲ, ಬಚ್ಚಿಡೋದು ಸುಲಭ. ಈಗಿರೋ ಬಿಗಿ ಸಡಿಲಿಸಬಾರದು.

ಗುರಿಕಾರ:
ಒಪ್ಪಿದೆ, ರೇಂಜ್‌ನಲ್ಲಿ ಹೊಡೆಯೋ ಶೂಟರ್‌ಗಳನ್ನು ಬಿಟ್ಟು.